ಹಮೀದಮ್ಮನ ಕಲ್ಲಿನ ಮಿಲ್ಲು

ಶಿಡ್ಲಘಟ್ಟದಲ್ಲಿ ನಮ್ಮ ಬೀದಿಯ ಹೆಂಗಸರು ಹಮೀದಾ ಬೇಗಂ ಜೊತೆ ಅಂಗಡಿಗೆ ಹೋಗಲು ಹಿಂದೆಮುಂದೆ ನೋಡುತ್ತಿದ್ದರು. ಹೋದರೆ ಅರ್ಧ ದಿನ ಹೋಯಿತೆಂದೇ ಲೆಕ್ಕ. ಒಮ್ಮೆ ಕುಕ್ಕರ್ ಕೊಳ್ಳಬೇಕೆಂದು ನನ್ನನ್ನು ಕರೆದುಕೊಂಡು ಹೋದರು. ಅಂಗಡಿಯವನು ಆರೇಳು ಕುಕ್ಕರ್ ತೆಗೆದು ಸಾಲಾಗಿ ಇಟ್ಟ. ಹಮೀದಮ್ಮ ಬೆಲೆ ಕೇಳಲಿಲ್ಲ. ಒಂದೊಂದರ ಮುಚ್ಚಳ ತೆಗೆದು, ರಬ್ಬರನ್ನು ಬೆರಳಲ್ಲಿ ಎಳೆದು ನೋಡಿ, ಇದು ಹಾಳಾದರೆ ಬೇರೆ ರಬ್ಬರ್ ನಿನ್ನ ಹತ್ತಿರವೇ ಸಿಗುತ್ತಾ, ಸಿಗುವುದಾದರೆ ಈಗ ತೆಗೆದು ತೋರಿಸು ಎಂದರು. ಎರಡಕ್ಕೆ ಅವನ ಬಳಿ ರಬ್ಬರ್ ಇರಲಿಲ್ಲ. ಆ ಎರಡನ್ನೂ ಇವರೇ ಪಕ್ಕಕ್ಕೆ ಸರಿಸಿದರು. ನನಗೆ ನಾಚಿಕೆಯಾಗಿ ಬೀದಿ ಕಡೆ ತಿರುಗಿ ನಿಂತಿದ್ದೆ.

ನಮ್ಮಿಬ್ಬರ ಮನೆ ಎದುರುಬದುರು. ಅವರ ಮನೆಯಲ್ಲಿ ಉರ್ದು, ನಮ್ಮ ಮನೆಯಲ್ಲಿ ಕನ್ನಡ, ನಮ್ಮತ್ತೆ ಗಂಗುಲಮ್ಮನಿಗೆ ಸಿಟ್ಟು ಬಂದಾಗ ಮಾತ್ರ ತೆಲುಗು. ಹಮೀದಮ್ಮನ ಗಂಡ ಮುಖ್ತಾರ್ ಸಾಹೇಬರು ರೇಷ್ಮೆ ನೂಲು ತೆಗೆಯುವ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದರು. ಗೂಡು ಬೇಯುವ ಬಿಸಿನೀರಿನಲ್ಲಿ ಬೆಳಗಿನಿಂದ ಸಂಜೆವರೆಗೂ ಕೈ ಆಡಿಸಬೇಕು. ಇಪ್ಪತ್ತು ವರ್ಷ ಹಾಗೆ ಆಡಿಸಿ ಅವರ ಬೆರಳ ಸಂದಿಗಳು ಒಡೆದುಹೋದವು. ಕೊನೆಗೆ ಡಾಕ್ಟರು, ಇನ್ನು ಆ ನೀರು ಮುಟ್ಟಿದರೆ ಬೆರಳು ಉಳಿಯುವುದಿಲ್ಲ ಎಂದುಬಿಟ್ಟರು. ಮುಖ್ತಾರ್ ಸಾಹೇಬರು ಮನೆಯಲ್ಲಿ ಕೂತರು. ಮಗಳು ಅರ್ಫಾ ಆಗ ಪಿಯುಸಿ ಓದುತ್ತಿದ್ದಳು. ಹಮೀದಮ್ಮ ಬಟ್ಟೆ ಹೊಲಿದು ಸಂಸಾರ ತೂಗಿಸುತ್ತಿದ್ದರು.

ಅದೇ ಹೊಲಿಗೆಯ ದುಡ್ಡಿನಲ್ಲಿ ಅವರೊಂದು ಚೀಟಿ ಹಾಕಿದ್ದರು. ಚೀಟಿ ಎತ್ತಿದಾಗ ಲಕ್ಷಕ್ಕೆ ಸ್ವಲ್ಪ ಕಡಿಮೆ ಕೈಗೆ ಬಂತು. ಅದೇ ಸಮಯಕ್ಕೆ ನಮ್ಮ ಬೀದಿ ಕೊನೆಯಲ್ಲಿದ್ದ ಹಳೆಯ ಹಿಟ್ಟಿನ ಮಿಲ್ಲು ಮುಚ್ಚಿ ಅಲ್ಲಿ ಮೊಬೈಲ್ ಅಂಗಡಿ ಆಗಿತ್ತು. ರಾಗಿ ಡಬ್ಬ ಹೊತ್ತುಕೊಂಡು ನಾವೆಲ್ಲ ಬಸ್ ಸ್ಟ್ಯಾಂಡ್ ದಾಟಿ ಹೋಗಬೇಕಿತ್ತು. ಮನೆಯ ಮುಂದಿನ ಕೋಣೆಯಲ್ಲಿ ನಾವೇ ಒಂದು ಮಿಲ್ಲು ಇಟ್ಟರೆ ಹೇಗೆ ಎಂದು ಗಂಡಹೆಂಡತಿ ಯೋಚಿಸಿದರು. ಮಾತು ಮುಖ್ತಾರ್ ಸಾಹೇಬರ ತಮ್ಮ ನಯೀಮನ ಕಿವಿಗೆ ಬಿತ್ತು. ನಯೀಮ್ ಚುರುಕು ಹುಡುಗ, ಮದುವೆಯಾಗಿ ಎರಡು ವರ್ಷ. ಚಿಕ್ಕಬಳ್ಳಾಪುರದ ಅಂಗಡಿಗಳೆಲ್ಲ ಅವನಿಗೆ ಪರಿಚಯ. ಮಾರನೆಯ ದಿನವೇ ಇಬ್ಬರನ್ನೂ ಬಸ್ಸಿಗೆ ಹತ್ತಿಸಿ ಒಂದು ದೊಡ್ಡ ಮಷೀನ್ ಅಂಗಡಿಗೆ ಕರೆದುಕೊಂಡು ಹೋದ.

ಅಂಗಡಿಯ ಮಷೀನ್ ಕನ್ನಡಿಯಂತೆ ಹೊಳೆಯುತ್ತಿತ್ತು. ರಾಗಿ, ಗೋಧಿ, ಅಕ್ಕಿ, ಮೆಣಸಿನಕಾಯಿ, ಧನಿಯಾ ಎಲ್ಲ ಒಂದರಲ್ಲೇ. ಮನೆಯ ಕರೆಂಟಿನಲ್ಲೇ ಓಡುತ್ತದೆ, ಬೇರೆ ಲೈನ್ ಬೇಡ. ನಲವತ್ತೆರಡು ಸಾವಿರ, ಮೇಲೆ ಒಂದು ಮಿಕ್ಸಿ ಉಚಿತ. ಅಂಗಡಿಯವನು ಒಂದು ಹಿಡಿ ರಾಗಿ ಹಾಕಿ ಬಟನ್ ಒತ್ತಿದ. ಕಣ್ಣು ಮಿಟುಕಿಸುವಷ್ಟರಲ್ಲಿ ನುಣ್ಣನೆಯ ಹಿಟ್ಟು ಕೆಳಗೆ ಬಂತು. ಮುಖ್ತಾರ್ ಸಾಹೇಬರ ಮುಖ ಎಷ್ಟೋ ತಿಂಗಳ ನಂತರ ಅರಳಿತು. ರಂಜಾನ್‌ಗೆ ಇನ್ನೊಂದು ತಿಂಗಳಿತ್ತು. ಈಗ ತಂದರೆ ರಂಜಾನ್‌ನ ವ್ಯಾಪಾರವೆಲ್ಲ ನಮ್ಮದೇ ಎಂದು ನಯೀಮ್ ಲೆಕ್ಕ ಹಾಕಿದ.

ಹಮೀದಮ್ಮ ಹಿಟ್ಟನ್ನು ಮುಟ್ಟಿ ನೋಡಿದರು. ಮಷೀನಿನ ಸುತ್ತ ಒಂದು ಸುತ್ತು ಬಂದರು. ಆಮೇಲೆ ಅಂಗಡಿಯವನನ್ನು ಕೇಳಿದ್ದು ಒಂದೇ. ಎರಡು ಮೂರು ವರ್ಷದ ಹಿಂದೆ ಇದನ್ನು ನಿಮ್ಮಲ್ಲಿ ಕೊಂಡವರು ಯಾರಿದ್ದಾರೆ, ಅವರ ವಿಳಾಸ ಕೊಡಿ. ಅಂಗಡಿಯವನು ಸಂತೋಷವಾಗಿಯೇ ಅದೇ ಊರಿನ ಒಂದು ಮನೆ ಹೇಳಿದ. ಹಮೀದಮ್ಮ ಆಗಲೇ ಅಲ್ಲಿಗೆ ನಡೆದರು. ಆ ಮನೆಯವರು ಮಷೀನನ್ನು ಹೊಗಳಿದ್ದೇ ಹೊಗಳಿದ್ದು. ಆದರೆ ಅವರು ಅದರಲ್ಲಿ ತಿಂಗಳಿಗೊಂದು ಸಲ ಮನೆಗೆ ಬೇಕಾದ ಖಾರದಪುಡಿ ಮಾಡಿಕೊಳ್ಳುತ್ತಿದ್ದರು, ಅಷ್ಟೇ. ದಿನವೂ ಮೂಟೆಗಟ್ಟಲೆ ರಾಗಿ ಹಾಕಿದರೆ ಏನಾಗುತ್ತದೆ ಎಂದು ಅವರಿಗೂ ಗೊತ್ತಿರಲಿಲ್ಲ.

ಬಸ್ಸಿನಲ್ಲಿ ವಾಪಸ್ಸು ಬರುವಾಗ ನಯೀಮ್ ಮುಖ ಊದಿಸಿಕೊಂಡಿದ್ದ.

"ಭಾಭಿ, ಹೊಸ ಮಷೀನ್ ತಗೊಳ್ಳೋಕೆ ಹಳೇ ಮಷೀನ್ ಯಾಕೆ ನೋಡ್ಬೇಕು?" ಎಂದ.

"ಹೊಸದು ಯಾವುದಾದ್ರೂ ಓಡುತ್ತೆ ನಯೀಮ್. ಮೂರನೇ ವರ್ಷದಲ್ಲಿ ಓಡ್ತಿರೋದನ್ನ ನಾನು ನೋಡ್ಬೇಕು," ಎಂದರು ಹಮೀದಮ್ಮ.

ಮುಂದಿನ ಭಾನುವಾರ ಗೌರಿಬಿದನೂರಿನಲ್ಲಿ ಅವರ ನೆಂಟರ ಮದುವೆ ಇತ್ತು. ನಿಖಾ ಮುಗಿದು ಎಲ್ಲರೂ ಊಟಕ್ಕೆ ಕೂತಾಗ ಹಮೀದಮ್ಮ ಮೆಲ್ಲಗೆ ಹೊರಗೆ ಬಂದು, ಎದುರಿಗೆ ಸಿಕ್ಕ ಸೊಪ್ಪಿನವಳನ್ನು ಇಲ್ಲಿ ಹಿಟ್ಟಿನ ಮಿಲ್ಲು ಎಲ್ಲಿದೆ ಎಂದು ಕೇಳಿದರು. ಜರಿ ಸೀರೆ ಉಟ್ಟುಕೊಂಡು, ಕೈತುಂಬ ಬಳೆ ಹಾಕಿಕೊಂಡು ಬಂದ ಹೆಂಗಸನ್ನು ಕಂಡು ಮಿಲ್ಲಿನ ಕೋನಪ್ಪ ಗಾಬರಿಯಿಂದ ಎದ್ದು ನಿಂತರಂತೆ. ಮಿಲ್ಲಿನ ಮೂಲೆಯಲ್ಲಿ ಟಾರ್ಪಾಲು ಮುಚ್ಚಿದ್ದ ಏನೋ ಒಂದರ ಮೇಲೆ ಖಾಲಿ ಚೀಲಗಳ ರಾಶಿ. ಹಮೀದಮ್ಮ ಟಾರ್ಪಾಲಿನ ತುದಿ ಎತ್ತಿದರು. ಅದೇ ಮಷೀನ್. ಹೊಳಪು ಮಾತ್ರ ಹೋಗಿತ್ತು.

ಕೋನಪ್ಪ ಅದನ್ನು ಕೊಂಡು ಮೂರು ವರ್ಷವಾಗಿತ್ತು. ಮೊದಲ ವರ್ಷ ಚೆನ್ನಾಗೇ ಓಡಿತು. ರಾಗಿ ಕಾಲದಲ್ಲಿ ಬಿಡುವಿಲ್ಲದೆ ಓಡಿಸಿದಾಗ ಮೋಟರ್ ಸುಟ್ಟಿತು. ಹೊಸದಾಗಿ ತಂತಿ ಸುತ್ತಿಸಿದರು, ಮತ್ತೆ ಸುಟ್ಟಿತು. ಒಳಗಿನ ಜಾಲರಿ, ಬಡಿಯುವ ತುಂಡುಗಳು ಸವೆದವು. ಆ ಸಾಮಾನು ಬೆಂಗಳೂರಿನ ಒಂದೇ ಅಂಗಡಿಯಲ್ಲಿ ಸಿಗುವುದು. ತರಿಸಿ ಹಾಕುವವರೆಗೆ ವಾರಗಟ್ಟಲೆ ಬಾಗಿಲು ಹಾಕಬೇಕು.

"ಮಷೀನ್ ಕೆಟ್ಟದ್ದು ಅಂತ ನಾನು ಹೇಳಲ್ಲಮ್ಮ," ಎಂದರಂತೆ ಕೋನಪ್ಪ. "ಖಾರದಪುಡಿ, ಸಾರಿನಪುಡಿಗೆ ಅದರಂಥದ್ದು ಇನ್ನೊಂದಿಲ್ಲ. ನಾನು ಅದಕ್ಕೆ ಮೂಟೆ ಮೂಟೆ ರಾಗಿ ಸುರಿದೆ. ಅಂಗಡಿಯವನು ಮಷೀನ್ ಬೆಲೆ ಹೇಳ್ದ, ನಾನು ಕೊಟ್ಟೆ. ಬಾಗಿಲು ಹಾಕಿದ ದಿನಗಳ ಬೆಲೆ ಯಾರೂ ಹೇಳಲಿಲ್ಲ. ಆ ವಾರ ಬೇರೆ ಮಿಲ್ಲಿಗೆ ಹೋದೋರು ತಿರುಗಿ ಬರಲೇ ಇಲ್ಲ."

ಈಗ ಅವರು ಬೀಸುತ್ತಿದ್ದುದು ತಂದೆಯ ಕಾಲದ ಕಲ್ಲಿನ ಮಿಲ್ಲಿನಲ್ಲಿ. ಇಂಥದ್ದನ್ನು ಚೆನ್ನಾಗಿ ನಡೆಸುವವರು ಯಾರಾದರೂ ಹತ್ತಿರದಲ್ಲಿದ್ದಾರಾ ಎಂದು ಹಮೀದಮ್ಮ ಕೇಳಿದರು. ಚಿಂತಾಮಣಿಯಲ್ಲಿ ಆಂಜಿನಮ್ಮ ಅಂತ ಒಬ್ಬರಿದ್ದಾರೆ, ಗಂಡ ಹೋದ ಮೇಲೆ ಒಬ್ಬರೇ ನಡೆಸುತ್ತಿದ್ದಾರೆ, ಅವರನ್ನು ಕಾಣಿ ಎಂದು ಕೋನಪ್ಪ ದಾರಿ ಹೇಳಿದರು. ಹಮೀದಮ್ಮ ಮದುವೆ ಮನೆಗೆ ವಾಪಸ್ಸು ಬಂದಾಗ ಬಿರಿಯಾನಿ ಮುಗಿದಿತ್ತು. ಸೀರೆಯ ಅಂಚಿನ ತುಂಬ ಹಿಟ್ಟು.

ಚಿಂತಾಮಣಿಯ ಆಂಜಿನಮ್ಮ ದಪ್ಪನೆಯ ಮೈಯ, ಸಣ್ಣ ಕಣ್ಣಿನ ಹೆಂಗಸು. ಹುಬ್ಬಿನ ಮೇಲೆಲ್ಲ ಹಿಟ್ಟು ಕೂತಿರುತ್ತದೆ. ನಾನೂ ಆಮೇಲೆ ಅವರನ್ನು ನೋಡಿದ್ದೇನೆ. ಮಿಲ್ಲಿಗೆ ಬಂದವರನ್ನು ಒಂದೇ ಉಸಿರಿಗೆ ಕನ್ನಡ ತೆಲುಗು ಎರಡರಲ್ಲೂ ಮಾತಾಡಿಸುತ್ತಾರೆ. ಹಮೀದಮ್ಮ ಬಂದ ಕಾರಣ ಹೇಳಿದಾಗ ಅವರು ನಕ್ಕರಂತೆ.

"ಇಷ್ಟು ವರ್ಷದಲ್ಲಿ ಹಿಟ್ಟು ಕೇಳ್ಕೊಂಡು ಬಂದೋರೇ ಎಲ್ಲ. ಮಿಲ್ಲು ಹೇಗಿದೆ ಅಂತ ಕೇಳಿದೋಳು ನೀನೊಬ್ಳೇ. ರಾ ಅಮ್ಮ, ಕೂತ್ಕೊ."

ಆ ದಿನ ಪೂರ್ತಿ ಹಮೀದಮ್ಮ ಅಲ್ಲೇ ಕೂತರು. ಕಲ್ಲಿನ ಕೆಳಗಿನಿಂದ ಬೀಳುವ ಹಿಟ್ಟಿಗೆ ಕೈಯೊಡ್ಡಿ ನೋಡು ಎಂದು ಆಂಜಿನಮ್ಮ ಹೇಳಿದರು. ಉಗುರುಬೆಚ್ಚಗಿತ್ತು. ಕೈ ಸುಡುವಷ್ಟು ಬಿಸಿಯಾಗಿ ಬಂದರೆ ಆ ಹಿಟ್ಟಿನ ಮುದ್ದೆ ಅಂಟಂಟಾಗುತ್ತದೆ, ವಾಸನೆಯೂ ಬರುತ್ತದೆ, ಡಬ್ಬದಲ್ಲಿ ಬಹಳ ದಿನ ನಿಲ್ಲುವುದೂ ಇಲ್ಲ ಎಂದು ವಿವರಿಸಿದರು. ಅವರ ಮಾವ ಹಾಕಿಸಿದ ಮಿಲ್ಲು ಅದು. ಇಷ್ಟು ವರ್ಷಗಳಲ್ಲಿ ಕಲ್ಲು ಬದಲಾಯಿಸಿದ್ದು ಎರಡೇ ಸಲ. ಕಲ್ಲು ನುಣುಪಾದಾಗ ಉಳಿ ಸುತ್ತಿಗೆ ಹಿಡಿದು ತಾವೇ ಒರಟು ಮಾಡಿಕೊಳ್ಳುತ್ತಾರೆ. ಬೆಲ್ಟು, ಬೇರಿಂಗು ಎಲ್ಲವೂ ಚಿಂತಾಮಣಿಯಲ್ಲೇ ಸಿಗುತ್ತದೆ. ಹಮೀದಮ್ಮ ಕರೆಂಟ್ ಬಿಲ್ ಕೇಳಿದರು. ಆಂಜಿನಮ್ಮ ಮುಚ್ಚಿಡದೆ ತೋರಿಸಿದರು. ಮೂಟೆಗೆ ಎಷ್ಟು ಕರೆಂಟ್ ಬೀಳುತ್ತದೆ ಎಂದು ಇಬ್ಬರೂ ಕೂತು ಲೆಕ್ಕ ಹಾಕಿದರೆ, ಆ ದೊಡ್ಡ ಮಿಲ್ಲಿನ ಖರ್ಚು ಕೋನಪ್ಪ ತಮ್ಮ ಸಣ್ಣ ಮಷೀನಿಗೆ ಹೇಳಿದ್ದ ಲೆಕ್ಕಕ್ಕಿಂತ ಕಡಿಮೆಯೇ ಬಂತು. ಇದು ಒಂದು ಮೂಟೆ ಬೀಸುವ ಹೊತ್ತಿಗೆ ಅದು ಅರ್ಧವನ್ನೂ ಮುಗಿಸುತ್ತಿರಲಿಲ್ಲ.

ಕಷ್ಟ ಬೇರೆ ಕಡೆ ಇತ್ತು. ಹೊಸ ಕಲ್ಲಿನ ಮಿಲ್ಲು, ಮೋಟರು, ತ್ರೀ ಫೇಸ್ ಲೈನು ಎಲ್ಲ ಸೇರಿದರೆ ಒಂದೂವರೆ ಲಕ್ಷದ ಮೇಲೆ. ಕೈಯಲ್ಲಿರುವುದು ಚೀಟಿ ದುಡ್ಡು ಮಾತ್ರ. ಹಮೀದಮ್ಮ ಸುಮ್ಮನೆ ಮನೆಗೆ ಬಂದರು.

ಅಷ್ಟರಲ್ಲಿ ಇಲ್ಲಿ ನಯೀಮ್ ಕಾಯುವುದನ್ನು ಬಿಟ್ಟಿದ್ದ. ಕೋನಪ್ಪನ ಮೋಟರ್ ಸುಟ್ಟದ್ದನ್ನು ಹಮೀದಮ್ಮ ಹೇಳಿದರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಹೆಂಡತಿ ಮನೆಯವರ ಹತ್ತಿರ ದುಡ್ಡು ತಂದು ಆ ಹೊಳೆಯುವ ಮಷೀನನ್ನು ತಾನೇ ಕೊಂಡ. ದೊಡ್ಡ ರಸ್ತೆಯಲ್ಲಿ ಒಂದು ಮಳಿಗೆ ಹಿಡಿದು, ಬಣ್ಣದ ಲೈಟು ಹಾಕಿ, ರಂಜಾನ್ ಚಂದ್ರ ಕಾಣುವ ಹಿಂದಿನ ದಿನ ಬಾಗಿಲು ತೆಗೆದ. ಜನ ಮುಗಿಬಿದ್ದರು. ಗೋಧಿ, ಅಕ್ಕಿಹಿಟ್ಟು, ಗರಂ ಮಸಾಲೆ, ಎಲ್ಲದಕ್ಕೂ ಸಾಲು. ನಮ್ಮ ಬೀದಿಯವರೂ ಅಲ್ಲಿಗೇ ಹೋದೆವು, ಸುಳ್ಳು ಯಾಕೆ ಹೇಳಲಿ. ಹಮೀದಮ್ಮನ ಬಾಗಿಲ ಮುಂದೆಯೇ ಡಬ್ಬ ಹಿಡಿದುಕೊಂಡು ಹೋಗುತ್ತಿದ್ದೆವು. ಅವರು ಹೊಲಿಗೆ ಮಷೀನಿನಿಂದ ತಲೆ ಎತ್ತಿ ನೋಡಿ ಮತ್ತೆ ತಲೆ ತಗ್ಗಿಸುತ್ತಿದ್ದರು.

ಆ ತಿಂಗಳು ಆ ಮನೆಯಲ್ಲಿ ಮಾತು ಕಡಿಮೆಯಾಗಿತ್ತು. ಮುಖ್ತಾರ್ ಸಾಹೇಬರು ಜಗಳವಾಡುವವರಲ್ಲ. ಒಂದು ಸಂಜೆ ಉಪವಾಸ ಬಿಟ್ಟು ಖರ್ಜೂರದ ಬೀಜ ತಟ್ಟೆಯಲ್ಲಿ ಇಡುತ್ತಾ, ನೀನು ನೋಡುತ್ತಲೇ ಇರು, ಊರಿನ ವ್ಯಾಪಾರವೆಲ್ಲ ಮುಗಿದೇ ಹೋಗುತ್ತದೆ ಎಂದರು. ಹಮೀದಮ್ಮ ತಟ್ಟೆ ಎತ್ತಿಟ್ಟರು. ಆಮೇಲೆ ಹೇಳಿದರು:

"ಒಂದು ರಂಜಾನ್ ಹೋದರೆ ಮುಂದಿನ ವರ್ಷ ಇನ್ನೊಂದು ಬರುತ್ತೆ. ಈ ದುಡ್ಡು ಹೋದರೆ ಇನ್ನೊಂದು ಚೀಟಿ ನಮ್ಮ ಹತ್ರ ಇಲ್ಲ."

ಧೈರ್ಯವಾಗಿ ಹೇಳಿದರೇನೋ ನಿಜ. ತಾನು ತಪ್ಪು ಮಾಡುತ್ತಿದ್ದೇನಾ ಎಂದು ಆಗೆಲ್ಲ ಅನುಮಾನ ಕಾಡುತ್ತಿತ್ತು ಎಂದು ನನಗೆ ಎಷ್ಟೋ ದಿನದ ಮೇಲೆ ಹೇಳಿದರು.

ಈದ್ ಮುಗಿದ ವಾರ ಒಂದು ಸುದ್ದಿ ಬಂತು. ಅವರಲ್ಲಿ ಬಟ್ಟೆ ಹೊಲಿಸಲು ಬಂದ ಸಾದಲಿಯ ಹೆಂಗಸೊಬ್ಬಳು ಮಾತಿಗೆ ಮಾತು ಬಂದು ಹೇಳಿದಳು. ಅವರ ಊರಿನ ಮುನಿವೆಂಕಟಪ್ಪ ರೇಷ್ಮೆ ಹುಳು ಸಾಕಾಣಿಕೆ ಜಾಸ್ತಿ ಮಾಡುತ್ತಿದ್ದಾರೆ, ಹುಳುವಿನ ತಟ್ಟೆ ಇಡಲು ಜಾಗ ಸಾಲದೆ ಹಳೆಯ ಮಿಲ್ಲು ತೆಗೆಯುತ್ತಿದ್ದಾರೆ. ಗುಜರಿಯವನು ತೂಕಕ್ಕೆ ಕೇಳಿಕೊಂಡು ಹೋಗಿದ್ದಾನೆ. ಹಮೀದಮ್ಮ ಕೈಯಲ್ಲಿದ್ದ ಕತ್ತರಿ ಕೆಳಗಿಟ್ಟು ಆಂಜಿನಮ್ಮನಿಗೆ ಫೋನ್ ಮಾಡಿದರು.

ಆಂಜಿನಮ್ಮ ತಮ್ಮ ಮಿಲ್ಲಿಗೆ ಬೀಗ ಹಾಕಿ ಚಿಂತಾಮಣಿಯಿಂದ ಬಸ್ಸು ಹತ್ತಿದರು. ಅದೊಂದು ದಿನದ ಅವರ ವ್ಯಾಪಾರ ಹೋಯಿತು. ಹಮೀದಮ್ಮ ಅದನ್ನು ತುಂಬಿಕೊಡಲು ನೋಡಿದರೂ ಅವರು ತೆಗೆದುಕೊಳ್ಳಲಿಲ್ಲ. ಶಿಡ್ಲಘಟ್ಟದಲ್ಲಿ ಮುಖ್ತಾರ್ ಸಾಹೇಬರೂ ಜೊತೆಯಾದರು. ಮೂವರೂ ಸಾದಲಿಗೆ ಹೋದಾಗ ಮುನಿವೆಂಕಟಪ್ಪ ಹಿಪ್ಪುನೇರಳೆ ಸೊಪ್ಪು ಇಳಿಸುತ್ತಿದ್ದರು. ಮಿಲ್ಲು ಶೆಡ್ಡಿನಲ್ಲಿ ಧೂಳು ಹಿಡಿದು ನಿಂತಿತ್ತು. ಗಟ್ಟಿ ಎರಕದ ಕಬ್ಬಿಣ. ಮೋಟರ್ ಮಾತ್ರ ಸತ್ತಿತ್ತು. ಮೋಟರ್ ಬಿಟ್ಟು ಉಳಿದದ್ದಕ್ಕೆ ನಲವತ್ತು ಸಾವಿರ ಎಂದರು ಮುನಿವೆಂಕಟಪ್ಪ.

ಮುಖ್ತಾರ್ ಸಾಹೇಬರಿಗೆ ಆಗಲೇ ಒಪ್ಪಿಬಿಡುವ ಆಸೆ. ಹೊಸದರ ಬೆಲೆಯ ಮುಂದೆ ಇದು ಏನೂ ಅಲ್ಲ. ಆಂಜಿನಮ್ಮ ಸೆರಗು ಸಿಕ್ಕಿಸಿಕೊಂಡು ಕೂತು, ತಿರುಗುವ ಭಾಗಗಳನ್ನೆಲ್ಲ ಕೈಯಿಂದ ತಿರುಗಿಸಿ, ಅಲುಗಾಡಿಸಿ ನೋಡಿದರು. ಅದೆಲ್ಲ ಸರಿಯಿತ್ತು. ಕಲ್ಲುಗಳನ್ನು ಬಿಚ್ಚಿಸಿ ಒಂದೊಂದನ್ನೂ ಸುತ್ತಿಗೆಯ ಹಿಡಿಯಿಂದ ತಟ್ಟಿದರು. ಮೇಲಿನ ಕಲ್ಲು ಗಂಟೆಯ ಹಾಗೆ ನುಡಿಯಿತು. ಕೆಳಗಿನದು ಮಂಕಾಗಿ ಟಪ್ ಎಂದಿತು. ಇನ್ನೊಂದು ಸಲ ತಟ್ಟಿ, ಇದು ಬಿರುಕು ಬಿಟ್ಟಿದೆ ಎಂದರು.

ಮುನಿವೆಂಕಟಪ್ಪನಿಗೆ ಕೋಪ ಬಂತು. ನಲವತ್ತು ಹಳ್ಳಿಯವರು ನನ್ನ ಮಿಲ್ಲಿನ ಹಿಟ್ಟು ತಿಂದಿದ್ದಾರೆ, ಬಿರುಕಿನ ಕಲ್ಲಿನಲ್ಲಿ ಬೀಸಿಕೊಟ್ಟೆ ಅಂತೀರಾ ಎಂದು ದನಿ ಎತ್ತರಿಸಿದರು. ಆಂಜಿನಮ್ಮ ಒಂದು ಚೊಂಬು ನೀರು ತರಿಸಿ ಕಲ್ಲಿನ ಮೇಲೆ ಸುರಿದರು. ಎಲ್ಲರೂ ನಿಂತು ನೋಡಿದರು. ಬೇಸಿಗೆಯ ಗಾಳಿಗೆ ಕಲ್ಲಿನ ಮೈ ಬೇಗ ಒಣಗಿತು. ನಡುವೆ ಕೂದಲೆಳೆಯಷ್ಟು ಸಣ್ಣ ಗೆರೆಯೊಂದು ಮಾತ್ರ ಒದ್ದೆಯಾಗಿ, ಕಪ್ಪಗೆ ಉಳಿಯಿತು. ಮುನಿವೆಂಕಟಪ್ಪ ಬಗ್ಗಿ ಬೆರಳಾಡಿಸಿ ನೋಡಿದರು. ಅವರಿಗೂ ಅದು ಗೊತ್ತಿರಲಿಲ್ಲ.

"ನನ್ನ ಕಣ್ಣಿಗೆ ಬೀಳಲಿಲ್ಲವಲ್ಲಮ್ಮ," ಎಂದರು. "ನೀವೇ ಒಂದು ಬೆಲೆ ಹೇಳಿ."

ಹಮೀದಮ್ಮ ಎಳೆದಾಡಲಿಲ್ಲ. ಹೊಸ ಕಲ್ಲಿಗೆ ಎಷ್ಟಾಗುತ್ತದೋ ಅಷ್ಟನ್ನು ಮಾತ್ರ ಕಳೆದು ಹೇಳಿದರು. ಮುನಿವೆಂಕಟಪ್ಪ ಒಪ್ಪಿ ಮಜ್ಜಿಗೆ ಕೊಟ್ಟರು. ಮಿಲ್ಲನ್ನು ತಮ್ಮ ಟ್ರಾಕ್ಟರಿನಲ್ಲೇ ಶಿಡ್ಲಘಟ್ಟಕ್ಕೆ ಕಳಿಸಿಕೊಟ್ಟರು. ಹೊಸ ಕಲ್ಲು, ಹೊಸ ಮೋಟರು, ತ್ರೀ ಫೇಸ್ ಲೈನು ಎಲ್ಲ ಆಗಿ ಚೀಟಿ ದುಡ್ಡು ಸರಿಯಾಗಿ ಮುಗಿಯಿತು, ಸಾಲ ಆಗಲಿಲ್ಲ. ಬೋರ್ಡ್ ಬರೆಸಲು ಉಳಿದಿರಲಿಲ್ಲ. ಅರ್ಫಾಳೇ ಬಾಗಿಲ ಪಕ್ಕದ ಗೋಡೆಯ ಮೇಲೆ ಕನ್ನಡ, ಉರ್ದು ಎರಡರಲ್ಲೂ ಅಂದವಾಗಿ ಬರೆದಳು.

ಲೈನ್ ಬರುವುದು ತಡವಾಗಿ ಮಿಲ್ಲು ಶುರುವಾದಾಗ ಆಷಾಢ. ಹೊಸ ಕಲ್ಲಿನಿಂದ ಮೊದಲು ಪುಡಿ ಉದುರುತ್ತದೆ, ಜನರ ಕಾಳು ಹಾಕಬೇಡ ಎಂದು ಆಂಜಿನಮ್ಮ ಎಚ್ಚರಿಸಿದ್ದರು. ಹಮೀದಮ್ಮ ಎರಡು ದಿನ ಬರೀ ಕಸದ ಕಾಳು, ತೌಡು ಬೀಸಿ ಬೀಸಿ ಚೆಲ್ಲಿದರು. ದಾರಿಯಲ್ಲಿ ಹೋಗುವವರು ಇದೇನು ಹುಚ್ಚು ಎಂದರು. ಮೂರನೆಯ ದಿನ ತಮ್ಮ ಮನೆಯ ರಾಗಿ ಹಾಕಿ, ಆ ಹಿಟ್ಟನ್ನು ಹಲ್ಲಿಗೆ ಹಾಕಿ ಕಡಿದು ನೋಡಿ, ಆಮೇಲೆ ನಮ್ಮ ಬಾಗಿಲಿಗೆ ಬಂದರು. ನಮ್ಮತ್ತೆಯ ರಾಗಿ ಬೇಕು ಎಂದರು.

ಮುದ್ದೆಯ ವಿಷಯದಲ್ಲಿ ನಮ್ಮತ್ತೆ ಗಂಗುಲಮ್ಮನನ್ನು ಮೆಚ್ಚಿಸಿದವರು ನಮ್ಮ ಬೀದಿಯಲ್ಲಿ ಯಾರೂ ಇಲ್ಲ. ನಾನಂತೂ ಇಲ್ಲವೇ ಇಲ್ಲ. ಆ ದಿನ ನಾನು ಆ ಹಿಟ್ಟಿನಲ್ಲಿ ಮುದ್ದೆ ಕಟ್ಟಿ, ಹುರುಳಿಕಾಳಿನ ಬಸ್ಸಾರು ಬಡಿಸಿದೆ. ಅತ್ತೆ ಮುದ್ದೆ ಮುರಿದು ನೋಡಿದರು, ಬೆರಳು ನೋಡಿಕೊಂಡರು. ಅಂಟಿರಲಿಲ್ಲ. ಒಂದು ಮುದ್ದೆ ತಿಂದು ಇನ್ನೊಂದಕ್ಕೆ ತಟ್ಟೆ ಒಡ್ಡಿದರು. ಊಟವಾದ ಮೇಲೆ ಎಲೆಅಡಿಕೆ ಹಾಕಿಕೊಂಡು ಜಗಲಿಯ ಮೇಲೆ ಕೂತು, ಹೋಗುವವರನ್ನು ಬರುವವರನ್ನು ನಿಲ್ಲಿಸಿ ಹೇಳಿದ್ದೇ ಹೇಳಿದ್ದು. ನಮ್ಮಮ್ಮ ಬೀಸೋಕಲ್ಲಲ್ಲಿ ಬೀಸ್ತಿದ್ದ ಹಿಟ್ಟು ಕಣೇ ಇದು, ಎಂದು.

ಜನ ಒಬ್ಬೊಬ್ಬರಾಗಿ ಬಂದರು. ಮೊದಲು ನಮ್ಮ ಬೀದಿ, ಆಮೇಲೆ ಪಕ್ಕದ ಬೀದಿ. ಹೊಸ ರಾಗಿ ಬರುವ ಕಾಲಕ್ಕೆ ಸುತ್ತಲಿನ ಹಳ್ಳಿಯವರು ಟೆಂಪೋದಲ್ಲಿ ಮೂಟೆ ತಂದು ಇಳಿಸತೊಡಗಿದರು. ಮುಖ್ತಾರ್ ಸಾಹೇಬರು ತೂಕ, ಚೀಲ ನೋಡಿಕೊಂಡರು. ಹಮೀದಮ್ಮ ಕಲ್ಲಿನ ಸದ್ದು ಕೇಳುತ್ತಾ ನಿಲ್ಲುತ್ತಿದ್ದರು. ಸದ್ದು ಬದಲಾದರೆ ಸಾಕು, ನಿಲ್ಲಿಸಿ ಉಳಿ ಹಿಡಿಯುತ್ತಿದ್ದರು. ಆ ಉಳಿ ಕೆಲಸ ಕಲಿಯಲು ಅವರು ಮೂರು ಸಲ ಚಿಂತಾಮಣಿಗೆ ಹೋಗಿ ಬಂದಿದ್ದರು.

ದೊಡ್ಡ ರಸ್ತೆಯಲ್ಲಿ ನಯೀಮನ ಮಷೀನ್ ಅದೇ ರಾಗಿ ಕಾಲದಲ್ಲಿ ನಿಂತಿತು. ಮೋಟರ್ ಸುಟ್ಟಿತ್ತು. ಅವನ ಗಿರಾಕಿಗಳು ಇಲ್ಲಿಗೆ ಬಂದರು. ಒಂದು ವಾರ ಅವನು ಈ ಬೀದಿಗೆ ಕಾಲಿಡಲಿಲ್ಲ. ಎಂಟನೆಯ ದಿನ ಹಮೀದಮ್ಮನೇ ಅವನ ಮಳಿಗೆಗೆ ಹೋದರು. ಗೆದ್ದೆ ಎಂದು ಹೇಳಿಕೊಳ್ಳಲು ಹೋದರೇನೋ ಎಂದು ನಾವು ಅಂದುಕೊಂಡೆವು. ಅವರು ಹೋದದ್ದು ಕೋನಪ್ಪನ ಉಳಿದ ಮಾತು ಹೇಳಲು. ಇದು ರಾಗಿ ಮಷೀನ್ ಅಲ್ಲ, ಮಸಾಲೆ ಮಷೀನ್. ರಾಗಿ ನಿಲ್ಲಿಸಿ ಬರೀ ಖಾರ, ಧನಿಯಾ, ಸಾರಿನಪುಡಿ ಹಿಡಿ.

ನಯೀಮ್ ತಲೆ ತಗ್ಗಿಸಿ, "ನೀವು ನನ್ನನ್ನ ಬೈಯ್ಬೇಕಿತ್ತು ಭಾಭಿ," ಎಂದ.

"ಬೈದ್ರೆ ಮೋಟರ್ ಓಡುತ್ತಾ?" ಎಂದರು ಹಮೀದಮ್ಮ. "ನನ್ನ ಕಲ್ಲಿಗೆ ಮೆಣಸಿನಕಾಯಿ ಹಾಕೋ ಹಾಗಿಲ್ಲ. ಹಾಕಿದ್ರೆ ಆಮೇಲೆ ಬೀಸೋ ರಾಗಿಯೆಲ್ಲ ಖಾರ ಆಗುತ್ತೆ. ಖಾರ ತಂದೋರನ್ನೆಲ್ಲ ನಿನ್ನ ಹತ್ರ ಕಳಿಸ್ತೀನಿ."

ಹೇಳಿದಂತೆಯೇ ಕಳಿಸಿದರು. ಈಗ ನಯೀಮನ ಅಂಗಡಿಯ ಮುಂದೆ ಹಾದುಹೋದರೆ ಸೀನು ಬರುತ್ತದೆ, ಅಷ್ಟು ವ್ಯಾಪಾರ. ಸಾರಿನಪುಡಿಯನ್ನು ಪೊಟ್ಟಣ ಕಟ್ಟಿ ಬೇರೆ ಊರಿಗೂ ಕಳಿಸುತ್ತಾನೆ. ಆ ಮಷೀನ್ ಮತ್ತೆ ಸುಟ್ಟಿಲ್ಲ.

ಮಾರನೆಯ ವರ್ಷ ರಂಜಾನ್‌ನಲ್ಲಿ ಹಮೀದಮ್ಮನ ಬಾಗಿಲಿಂದ ಬೀದಿಯ ಕೊನೆಯವರೆಗೆ ಡಬ್ಬಗಳ ಸಾಲಿತ್ತು. ಆದರೆ ದೊಡ್ಡ ಗೆಲುವು ಬಂದದ್ದು ಅದಾದ ಮೇಲೆ, ಶಾಲೆಗಳು ತೆರೆಯುವ ಹೊತ್ತಿಗೆ. ಲಾವಣ್ಯ ಎಂಬ ಹುಡುಗಿ ಸ್ಕೂಟರಿನಲ್ಲಿ ಬಂದಿಳಿದಳು. ಮಂಡಿಕಲ್ ಕಡೆಯವಳು, ಚಿಕ್ಕಬಳ್ಳಾಪುರದ ಒಂದು ಹೆಣ್ಣುಮಕ್ಕಳ ಹಾಸ್ಟೆಲಿನ ಮ್ಯಾನೇಜರ್. ಎರಡು ಕೆಜಿ ಹಿಟ್ಟು ಕೊಂಡಳು, ರೇಟು ಕೇಳಿದಳು, ಮಿಲ್ಲನ್ನು ಸುತ್ತ ನೋಡಿದಳು. ಯಾಕೆಂದು ಹೇಳದೆ ಹೊರಟುಹೋದಳು. ಹತ್ತು ದಿನ ಸುದ್ದಿಯಿಲ್ಲ. ಅವಳು ಬೇರೆ ಮೂರು ಮಿಲ್ಲುಗಳಿಂದಲೂ ಎರಡೆರಡು ಕೆಜಿ ಕೊಂಡಿದ್ದಾಳೆಂದು ಯಾರೋ ಬಂದು ಹೇಳಿದರು. ಮುಖ್ತಾರ್ ಸಾಹೇಬರು ಬೇಜಾರು ಮಾಡಿಕೊಂಡರು. ಹಮೀದಮ್ಮನಿಗೆ ಮಾತ್ರ ಖುಷಿಯಾಗಿತ್ತು. ಒಳ್ಳೇ ಹುಡುಗಿ, ಸರಿಯಾಗಿ ನೋಡಲಿ ಬಿಡಿ ಎಂದರು.

ಲಾವಣ್ಯ ತಿರುಗಿ ಬಂದಾಗ ನಾನು ಅಲ್ಲೇ ಇದ್ದೆ. ಹಾಸ್ಟೆಲಿನಲ್ಲಿ ಅಷ್ಟು ದಿನ ತರಿಸುತ್ತಿದ್ದ ಹಿಟ್ಟಿಗೆ ಇವರಿಗಿಂತ ಕೆಜಿಗೆ ಮೂರು ರೂಪಾಯಿ ಕಡಿಮೆ. ಹಮೀದಮ್ಮ ತಮ್ಮ ರೇಟು ಇಳಿಸುವ ಮಾತಾಡಲಿಲ್ಲ. ರಾಗಿ, ಕಲ್ಲು, ಕರೆಂಟು, ಚೀಲ ಸೇರಿ ಇಷ್ಟು ಬೀಳುತ್ತದೆ, ಇದಕ್ಕಿಂತ ಇಳಿಸಿದರೆ ಹಿಟ್ಟು ಕೆಡಿಸಬೇಕಾಗುತ್ತದೆ ಎಂದು ಇದ್ದದ್ದನ್ನು ಇದ್ದಂತೆ ಹೇಳಿದರು. ಲಾವಣ್ಯ ನಕ್ಕಳು.

"ಗೊತ್ತಮ್ಮ. ನಾನು ನಾಲ್ಕೂ ಮಿಲ್ಲಿನ ಹಿಟ್ಟಲ್ಲಿ ಒಂದೊಂದು ದಿನ ಮುದ್ದೆ ಮಾಡಿಸಿ, ಮಕ್ಕಳು ಬಿಟ್ಟಿದ್ದನ್ನ ತೂಕ ಹಾಕ್ದೆ. ಕಡಿಮೆ ರೇಟಿನ ಹಿಟ್ಟು ಅರ್ಧಕ್ಕರ್ಧ ಬಕೆಟ್‌ಗೆ ಹೋಗ್ತಿದೆ. ಅದೂ ದುಡ್ಡೇ ಅಲ್ವಾ?"

ಹಮೀದಮ್ಮ ಅವಳ ಮುಖವನ್ನೇ ನೋಡುತ್ತಾ ನಿಂತರು. ತಮ್ಮ ಹಾಗೆಯೇ ಯೋಚಿಸುವ ಒಬ್ಬಳು ಎದುರಿಗೆ ಸಿಕ್ಕಿದ್ದು, ಆಂಜಿನಮ್ಮನ ನಂತರ, ಅವರ ಜೀವನದಲ್ಲಿ ಅದೇ ಎರಡನೆಯ ಸಲವಿರಬೇಕು. ಒಳಗೆ ಕರೆದು ಚಹಾ ಕೊಟ್ಟರು. ಇಡೀ ವರ್ಷದ ರಾಗಿಹಿಟ್ಟು ಇಲ್ಲಿಂದಲೇ ಎಂದು ಆ ಚಹಾ ಮುಗಿಯುವಷ್ಟರಲ್ಲಿ ಮಾತಾಯಿತು.

ಮೊದಲ ಲೋಡ್ ಹೊರಟ ದಿನ ಬೀದಿಯವರೆಲ್ಲ ಬಾಗಿಲಿಗೆ ಬಂದಿದ್ದೆವು. ಆಂಜಿನಮ್ಮನೂ ಚಿಂತಾಮಣಿಯಿಂದ ಬಂದಿದ್ದರು. ಮುಖ್ತಾರ್ ಸಾಹೇಬರು ಚೀಲಗಳ ಬಾಯಿ ಹೊಲಿದರು, ನಯೀಮ್ ಹೊತ್ತು ಗಾಡಿಗೆ ತುಂಬಿದ. ಹೊರಡುವಾಗ ಹಮೀದಮ್ಮ ಹಠಾತ್ತನೆ ನಾನೂ ಹೋಗುತ್ತೇನೆ ಎಂದು ಡ್ರೈವರ್ ಪಕ್ಕ ಹತ್ತಿ ಕೂತರು. ಆಂಜಿನಮ್ಮನನ್ನೂ ನನ್ನನ್ನೂ ಎಳೆದುಕೊಂಡರು. ಒಂದರ ಮೇಲೊಂದು ಕೂತಂತೆ ಕೂತು, ನಗುತ್ತಾ ಚಿಕ್ಕಬಳ್ಳಾಪುರ ತಲುಪಿದೆವು.

ಮಧ್ಯಾಹ್ನದ ಊಟಕ್ಕೆ ಆ ಹಿಟ್ಟಿನದೇ ಮುದ್ದೆ, ಅವರೆಕಾಳಿನ ಸಾರು. ಲಾವಣ್ಯ ನಮ್ಮನ್ನು ಮಕ್ಕಳ ಸಾಲಿನಲ್ಲೇ ಕೂರಿಸಿದಳು. ಹಮೀದಮ್ಮ ತಾವು ತಿನ್ನದೆ ಅಕ್ಕಪಕ್ಕದ ತಟ್ಟೆಗಳನ್ನೇ ನೋಡುತ್ತಿದ್ದರು. ಹುಡುಗಿಯರು ಮುದ್ದೆ ಮುರಿದು, ಸಾರಿಗೆ ಅದ್ದಿ, ಮಾತಾಡಿಕೊಂಡೇ ನುಂಗುತ್ತಿದ್ದರು. ಯಾರೂ ಮೂಗು ಮುರಿಯಲಿಲ್ಲ. ಎದುರಿಗಿದ್ದ ಸಣಕಲಿ ಹುಡುಗಿಯೊಬ್ಬಳು ಎದ್ದುಹೋಗಿ ಇನ್ನೊಂದು ಹಾಕಿಸಿಕೊಂಡು ಬಂದಳು. ಅವಳನ್ನು ನೋಡಿ ಪಕ್ಕದವಳು, ಅವಳ ಹಿಂದೆ ಇನ್ನಿಬ್ಬರು. ಆಂಜಿನಮ್ಮ ಮೊಣಕೈಯಿಂದ ಹಮೀದಮ್ಮನನ್ನು ತಿವಿದು, "ಚೂಡಮ್ಮ, ನೋಡಿದ್ಯಲ್ಲ, ನೀನೂ ತಿನ್ನು," ಎಂದರು. ಆಗ ಹಮೀದಮ್ಮ ತಟ್ಟೆಗೆ ಕೈ ಹಾಕಿದರು.

ಸ್ವಲ್ಪ ಹೊತ್ತಿಗೆ ಅಡುಗೆಯಾಕೆ ಒಳಗಿನಿಂದ ಇಣುಕಿ, ಮುದ್ದೆ ಮುಗಿದೇಹೋಯಿತು, ಇನ್ನೂ ಒಂದು ಸಾಲು ಊಟಕ್ಕೆ ಬರಬೇಕಲ್ಲ ಎಂದು ಲಾವಣ್ಯಳಿಗೆ ಹೇಳಿದರು. ಹೊಸ ಚೀಲವೊಂದನ್ನು ಬಿಚ್ಚಿ, ದೊಡ್ಡ ಪಾತ್ರೆಯಲ್ಲಿ ಮತ್ತೆ ಎಸರಿಟ್ಟರು.